‘ಹೊಟ್ಟೆನೋವು’ ಅಂದಷ್ಟೇ ಹೇಳಿ ಒಂಬತ್ತು ವರ್ಷ ಕಳೆದೆವು

ಅಕ್ಕಲಕೋಟ ಭಾಗದ ನಮಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ತೊಗರಿಯ ದರವನ್ನು ಎರಡೂ ಭಾಷೆಯಲ್ಲಿ ಜಗ್ಗಾಡುತ್ತೇವೆ, ಕಚೇರಿಯ ಕಾಗದ ಓದುತ್ತೇವೆ, ಕನ್ನಡ ಮಾತ್ರ ಬಲ್ಲವರಿಗೆ ನಡುವೆ ನಿಂತು ತಿಳಿಸಿ ಹೇಳುತ್ತೇವೆ. ಕಾಳುಕಡಿ ವ್ಯಾಪಾರಿಯಾದ ನಾನೂ ಮಾತಿನಲ್ಲಿ ಯಾರಿಗೂ ಕಡಿಮೆ ಇಲ್ಲ ಅಂದುಕೊಂಡಿದ್ದೆ. ಆದರೆ ಸ್ವಂತ ಹೆಂಡತಿಯ ನೋವನ್ನು ಡಾಕ್ಟರರಿಗೆ ಹೇಳುವಾಗ ತಪ್ಪಿದೆ. ಮರಾಠಿ ಬಾರದ್ದಕ್ಕಲ್ಲ, ನಾಚಿಕೆಗೆ. ಆ ತಪ್ಪಿನ ದಂಡ ತೆತ್ತವಳು ಅವಳು.

ಆಕೆ ಇಂಡಿ ತಾಲ್ಲೂಕಿನ ಹೆಣ್ಣುಮಗಳು. ಮದುವೆಯಾಗಿ ಬಂದಾಗ ಮರಾಠಿ ಬರುತ್ತಿರಲಿಲ್ಲ. 2010ರಲ್ಲಿ ಮಗಳು ಹುಟ್ಟಿದ ಮೇಲೆ ಮುಟ್ಟಿನ ನೋವು ತಿಂಗಳು ತಿಂಗಳು ಏರುತ್ತ ಹೋಯಿತು. ಮೊದಲೆರಡು ದಿನ ಗೋಡೆ ಹಿಡಿದು ಕೂಡುತ್ತಿದ್ದಳು. ‘ಹೆಣ್ಣ ಜನ್ಮಾನ ಹಿಂಗ, ಇನ್ನೊಂದ ಕೂಸ ಆದ್ರ ಎಲ್ಲಾ ಸರಿ ಹೋಗ್ತದ’ ಎಂದು ನಮ್ಮವ್ವ ಅನ್ನುತ್ತಿದ್ದಳು. ಕೂಸೂ ಆಗಲಿಲ್ಲ, ನೋವೂ ಹೋಗಲಿಲ್ಲ.

ದವಾಖಾನೆಗೆ ಕರೆದೊಯ್ದಾಗ ಆಕೆ ನನ್ನ ಕಿವಿಯಲ್ಲಿ, ‘ಕರಳ ಹಿಡದು ತಿರವಿದಂಗ ಆಗ್ತದ. ಆ ದಿನ ಸಂಡಾಸಕ್ಕ ಕೂತ್ರ ಚಾಕು ಹಾಕಿದಂಗ ಆಗ್ತದ, ಹೇಳ್ರಿ’ ಅಂದಳು. ನಾನು ಡಾಕ್ಟರರ ಕಡೆ ತಿರುಗಿ ‘ಪೋಟಾತ್ ದುಖತಯ್’ ಅಂದೆ. ಅಷ್ಟೇ. ನಾಲ್ಕು ಮಂದಿಯ ಎದುರು ಸಂಡಾಸದ ಮಾತು ಹೇಗೆ ಆಡುವುದು? ಗಂಡ ಹೆಂಡತಿ ಕೂಡಿದಾಗ ಆಕೆಗೆ ಆಗುತ್ತಿದ್ದ ನೋವಿನ ಮಾತಂತೂ ದೂರವೇ ಉಳಿಯಿತು. ನೋವಿನ ಗುಳಿಗೆ ಕೊಟ್ಟರು, ತಂದೆವು. ಹೀಗೆ ಮೂರು ದವಾಖಾನೆ ಆದವು.

2019ರ ದೀಪಾವಳಿ ಗದ್ದಲದಲ್ಲಿ ನನಗೆ ಅಂಗಡಿ ಬಿಡಲಾಗಲಿಲ್ಲ. ಆಕೆ ತನ್ನ ವೈನಿಯ ಜೊತೆ ಸೊಲ್ಲಾಪುರಕ್ಕೆ ಹೋಗಿ, ಕನ್ನಡ ಬಲ್ಲ ಹೆಣ್ಣು ಡಾಕ್ಟರರ ಮುಂದೆ ಎಲ್ಲವನ್ನೂ ತಾನೇ ಹೇಳಿಕೊಂಡಳು. ನಾನಿಲ್ಲದ್ದೇ ಒಳ್ಳೆಯದಾಯಿತು. ಸೋನೋಗ್ರಾಫಿ ಮಾಡಿದರೆ ಎಡ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟು. ಮರುವಾರ ನಾನು ಹೋದಾಗ ಡಾಕ್ಟರು, ‘ಇಷ್ಟು ವರ್ಷ ಇದನ್ನ ಯಾರಿಗೂ ಹೇಳಿಲ್ಲೇನ್ರೀ?’ ಅಂದರು. ತಲೆ ತಗ್ಗಿಸಿದೆ.

ಬದುವಿನಾಚೆ ಬಿದ್ದ ಬೀಜ

ರೋಗದ ಹೆಸರು ಎಂಡೋಮೆಟ್ರಿಯೋಸಿಸ್. ಡಾಕ್ಟರು ಒಕ್ಕಲುತನದ ಮಾತಿನಲ್ಲೇ ತಿಳಿಸಿದರು. ಗರ್ಭಚೀಲದ ಒಳಗೆ ಒಂದು ಪದರ ಇರುತ್ತದೆ. ಪ್ರತಿ ತಿಂಗಳು ಬೆಳೆದು, ಕಳಚಿ, ಮುಟ್ಟಾಗಿ ಹೋಗುವುದು ಅದೇ. ಬದುವಿನಾಚೆ ಬಿದ್ದ ಬೀಜ ಅಲ್ಲೇ ಬೇರು ಬಿಟ್ಟಂತೆ, ಅದೇ ಬಗೆಯ ಅಂಗಾಂಶ ಗರ್ಭಚೀಲದ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶದ ಮೇಲೆಲ್ಲ ಬೆಳೆಯುತ್ತದೆ. ಒಳಗಿನದಕ್ಕೆ ಹೊರಗೆ ಹೋಗಲು ದಾರಿ ಇದೆ, ಇದಕ್ಕೆ ಇಲ್ಲ. ಸುತ್ತ ಉರಿಯೂತವಾಗಿ ಕಲೆಗಟ್ಟುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟುತ್ತದೆ. ಮುಟ್ಟಿನ ದಿನ ಮಲವಿಸರ್ಜನೆಗೆ ಕೂತಾಗಿನ ನೋವು ಈ ರೋಗದ ಮುಖ್ಯ ಸುಳಿವುಗಳಲ್ಲಿ ಒಂದಂತೆ. ನಾನು ನುಂಗಿದ ಮಾತು ಅದೇ!

ಮೂತ್ರ ಮಾಡುವಾಗ ನೋವು, ಕೂಡಿದಾಗ ನೋವು, ಹೊಟ್ಟೆ ಉಬ್ಬರ, ಎಷ್ಟು ಮಲಗಿದರೂ ಹೋಗದ ಸುಸ್ತು, ಬಸಿರು ನಿಲ್ಲದಿರುವುದು ಕೂಡ ಇದರ ಲಕ್ಷಣಗಳೇ. ಕೆಲವರಿಗೆ ನೋವೇ ಇರುವುದಿಲ್ಲ. ರೋಗ ಸ್ವಲ್ಪವೇ ಇದ್ದರೂ ಕೆಲವರಿಗೆ ವಿಪರೀತ ನೋವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಜಗತ್ತಿನಲ್ಲಿ 19 ಕೋಟಿ ಜನರಿಗೆ, ಈ ರೋಗವಿದೆ. ಯಾರ ಶಾಪದಿಂದಲೂ, ಮುಟ್ಟಿನ ದಿನ ಏನನ್ನೋ ಮುಟ್ಟಿದ್ದರಿಂದಲೂ ಬರುವ ರೋಗವಲ್ಲ. ಇದು ಕ್ಯಾನ್ಸರೂ ಅಲ್ಲ.

ಪಿಶವಿ ತೆಗೆದರೆ ಮುಗಿಯಿತೆ?

ಇನ್ನೊಂದು ಸಂಗತಿ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. 2017ರಲ್ಲಿ ಒಂದು ದವಾಖಾನೆಯವರು, ‘ಒಬ್ಬ ಮಗಳು ಇದ್ದಾಳಲ್ಲ, ಪಿಶವಿ ಕಾಢೂನ್ ಟಾಕೂ’ ಅಂದಿದ್ದರು. ಆಕೆಗೆ ಆಗ 29 ವರ್ಷ. ನಾನು ಹೂಂ ಅಂದು ರೊಕ್ಕವನ್ನೂ ಹೊಂದಿಸಿದ್ದೆ. ತೊಗರಿ ರಾಶಿಯ ಸುಗ್ಗಿ ಬಂದು ಮುಂದೆ ಹೋಯಿತು, ಹಾಗೇ ತಪ್ಪಿತು.

ಗರ್ಭಚೀಲ ತೆಗೆದರೂ ಹೊರಗೆ ಬೆಳೆದದ್ದು ಉಳಿದರೆ ನೋವೂ ಉಳಿಯಬಹುದು. ಜೊತೆಗೆ ಅಂಡಾಶಯವನ್ನೂ ತೆಗೆದರೆ ಎಳೆಯ ವಯಸ್ಸಿಗೇ ಮುಟ್ಟು ನಿಂತು ಎಲುಬು ಸವೆಯುತ್ತವೆ, ಹೃದಯಕ್ಕೂ ಅಪಾಯ. ಕೆಲವರಿಗೆ ಆ ಶಸ್ತ್ರಕ್ರಿಯೆ ಬೇಕಾಗುವುದುಂಟು, ಆದರೆ ಅದು ಕೊನೆಯ ಮೆಟ್ಟಿಲು. ಇದೇ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ 82 ಸಾವಿರ ಹೆಂಗಸರನ್ನು ವಿಚಾರಿಸಿದಾಗ, 13 ಸಾವಿರಕ್ಕೂ ಹೆಚ್ಚು ಮಂದಿಯ ಗರ್ಭಚೀಲ ತೆಗೆದದ್ದು ಬೆಳಕಿಗೆ ಬಂತು. ಬೇಡದ ಇಂಥ ಶಸ್ತ್ರಕ್ರಿಯೆ ತಡೆಯಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸೂಚಿಸಿತು. ಆದ್ದರಿಂದ ಸಹಿ ಹಾಕುವ ಮುನ್ನ ಇನ್ನೊಬ್ಬ ಡಾಕ್ಟರರ ಮಾತು ಕೇಳಿರಿ.

ನಮ್ಮಾಕೆಗೆ ದುರ್ಬೀನಿನ ಶಸ್ತ್ರಕ್ರಿಯೆಯಿಂದ ಗಂಟು ತೆಗೆದು, ಅಂಟಿಕೊಂಡದ್ದನ್ನು ಬಿಡಿಸಿದರು. ಆಮೇಲೆ ದಿನಾ ಒಂದು ಹಾರ್ಮೋನ್ ಗುಳಿಗೆ. ಎಲ್ಲರಿಗೂ ಕೊಯ್ಯಲೇಬೇಕೆಂದಿಲ್ಲ. ಅನೇಕರಿಗೆ ಗುಳಿಗೆಯಿಂದ, ಇಲ್ಲವೆ ಹಾರ್ಮೋನ್ ಇರುವ ವಂಕಿಯಿಂದ ನೋವು ಹತೋಟಿಗೆ ಬರುತ್ತದೆ. ಮಕ್ಕಳು ಬೇಕೆನ್ನುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಈ ಗುಳಿಗೆ ನಡೆದಾಗ ಸಾಮಾನ್ಯವಾಗಿ ಬಸಿರು ನಿಲ್ಲುವುದಿಲ್ಲ. ಬೇರುಸಹಿತ ಕಿತ್ತುಹಾಕುವ ಔಷಧ ಇನ್ನೂ ಇಲ್ಲ, ರೋಗ ಮರಳಲೂಬಹುದು. ಆದರೂ ಆಕೆ ಈಗ ಗೋಡೆ ಹಿಡಿದು ಕೂಡುವುದಿಲ್ಲ. ಹೋದ ಸುಗ್ಗಿಯಲ್ಲಿ ರಾಶಿಯ ಲೆಕ್ಕವೆಲ್ಲ ಆಕೆಯದೇ. ಮರಾಠಿಯನ್ನೂ ನನಗಿಂತ ಜೋರಾಗಿ ಆಡುತ್ತಾಳೆ.

ಗಂಡಸರಿಗೆ ಒಂದು ಮಾತು. ದವಾಖಾನೆಯ ರೊಕ್ಕ ನಮ್ಮ ಕೈಯಲ್ಲಿ, ಡಾಕ್ಟರರ ಮುಂದಿನ ಮಾತೂ ನಮ್ಮ ಬಾಯಲ್ಲಿ. ಹೆಂಗಸರು ಹೇಳಿದ್ದನ್ನು ಅಳೆದು ತೂಗಿ ಅರ್ಧ ಮಾಡಬೇಡಿರಿ. ಆಗದಿದ್ದರೆ ಎದ್ದು ಹೊರಗೆ ಹೋಗಿ, ಹೆಣ್ಣುಮಕ್ಕಳನ್ನೇ ಒಳಗೆ ಕಳಿಸಿರಿ. ಯಾವ ದಿನ ನೋವು ಬಂತು, ಎಷ್ಟು ದಿನ ಇತ್ತು, ಎಷ್ಟು ಗುಳಿಗೆ ನುಂಗಿದರು ಎಂಬುದನ್ನು ಬರೆದಿಟ್ಟು ತೋರಿಸಿದರೆ ಡಾಕ್ಟರರಿಗೆ ಅರ್ಧ ದಾರಿ ಸಿಕ್ಕಂತೆ.

ನಮ್ಮ ಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಮೊದಲು ಹಾಲಿನ ಲೆಕ್ಕ ಮಾತ್ರ ಇರುತ್ತಿತ್ತು. ಈಗ ಮಗಳೂ ತನ್ನ ದಿನಗಳಿಗೆ ಕೆಂಪು ಗೆರೆ ಎಳೆಯುತ್ತಾಳೆ. ಹೋದ ತಿಂಗಳು ಗೆರೆಯ ಪಕ್ಕದಲ್ಲಿ ‘ನೋವು ಭಾಳ, ಸಾಲಿಗಿ ಹೋಗಿಲ್ಲ’ ಎಂದು ಬರೆದಿದ್ದಳು. ಈ ಸಲ ಒಂಬತ್ತು ವರ್ಷ ಕಾಯಲಿಲ್ಲ. ಅದೇ ವಾರ ಅವ್ವ ಮಗಳು ಸೊಲ್ಲಾಪುರದ ಬಸ್ಸು ಹತ್ತಿದರು.