ಭೋಗ್ಯದ ಮನೆ ಬಿಟ್ಟು ವಿದೇಶಕ್ಕೆ ಹೊರಡುವ ಮುನ್ನ

ತಗಡೂರು, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಮಕ್ಕಳ ವಿದ್ಯಾಭ್ಯಾಸ, ಉದ್ಯೋಗಗಳಿಗಾಗಿ ಮೈಸೂರಿಗೆ ಬಂದು ಭೋಗ್ಯದ ಮನೆಯಲ್ಲಿ ನೆಲೆಸುವ ಕುಟುಂಬಗಳುಂಟು. ಅವಧಿ ಮುಗಿಯುವ ಮೊದಲೇ ವಿದೇಶದಿಂದ ಉದ್ಯೋಗದ ಕರೆ ಬಂದರೆ ಸಂತೋಷದೊಡನೆ ಚಿಂತೆಯೂ ಬರುತ್ತದೆ. ಭೋಗ್ಯಕ್ಕೆ ಕೊಟ್ಟ ಲಕ್ಷಗಳನ್ನು ಮನೆಯೊಡೆಯರು ಹಳೆಯ ಸಾಲಕ್ಕೋ ಮಗಳ ಮದುವೆಗೋ ವಿನಿಯೋಗಿಸಿರಬಹುದು. ಹೊಸಬರು ಬಂದು ಹಣ ಕೊಡುವವರೆಗೆ ಹಿಂದಿರುಗಿಸುವುದು ಅವರಿಗೂ ಕಷ್ಟ.

ಆದುದರಿಂದ ಮೊದಲು ಕರಾರುಪತ್ರವನ್ನು ಓದಬೇಕು. ನಡುವೆ ಬಿಡುವುದಕ್ಕೆ ಎಷ್ಟು ತಿಂಗಳ ಮುನ್ಸೂಚನೆ, ಎಷ್ಟು ಕಡಿತ ಎಂದು ಬರೆದಿದ್ದರೆ ಅದರಂತೆಯೇ ನಡೆಯಬೇಕಾಗುತ್ತದೆ. ತಿಂಗಳ ಬಾಡಿಗೆಯ ಮನೆಗೆ ಬೇರೆ ಕರಾರು ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟೀಸು ಸಾಕು. ಭೋಗ್ಯದ ದೊಡ್ಡ ಮೊತ್ತ 15 ದಿನಗಳಲ್ಲಿ ಕೂಡಿಬರುವಂಥದಲ್ಲ. ಪ್ರಯಾಣ ಖಚಿತವಾದ ದಿನವೇ ಮನೆಯೊಡೆಯರಿಗೆ ತಿಳಿಸುವುದು ಇಬ್ಬರಿಗೂ ಕ್ಷೇಮ.

ಕೀಲಿಕೈ ಒಪ್ಪಿಸುವುದೂ ಹಣ ಪಡೆಯುವುದೂ ಒಂದೇ ದಿನ, ಸಾಕ್ಷಿಗಳ ಎದುರಿನಲ್ಲಿ, ಬ್ಯಾಂಕಿನ ಮೂಲಕ ನಡೆಯಲಿ. ಬಾಕಿ ಉಳಿಯುವುದಾದರೆ ಮೊತ್ತ, ದಿನಾಂಕಗಳನ್ನು ಬರೆಸಿ ಸಹಿ ಪಡೆಯಿರಿ; ನಂಬಿಕಸ್ಥ ಬಂಧುವಿಗೆ ಅಧಿಕಾರಪತ್ರವನ್ನು ಇಲ್ಲಿಯೇ ಬರೆದುಕೊಡಿ. ಹೊರಟ ಮೇಲೆ ಅದಕ್ಕಾಗಿ ರಾಯಭಾರ ಕಚೇರಿಗೆ ಅಲೆಯಬೇಕಾದೀತು. ಬಾಯಿಮಾತಿನ ನಂಬಿಕೆ ಒಳ್ಳೆಯದೇ. ಸಮುದ್ರ ದಾಟಿದವರಿಗೆ ಕಾಗದವೂ ಬೇಕು.