ಸುಂಕದ ಕಟ್ಟೆಯಲ್ಲಿ ಕ್ಷ-ಕಿರಣ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಸರಕಿನವನು ಏನೇ ಹೇಳಲಿ, ಸುಂಕದವನು ಗಂಟು ಬಿಚ್ಚಿಸಿಯೇ ನೋಡುವನು. ಆದರೆ 40 ಅಡಿ ಉದ್ದದ ಉಕ್ಕಿನ ಪೆಟ್ಟಿಗೆಗಳು ಒಂದರ ಹಿಂದೊಂದು ಬಂದಿಳಿಯುವ ನ್ಹಾವಾ ಶೇವಾದಂತಹ ಬಂದರಿನಲ್ಲಿ ಪ್ರತಿಯೊಂದನ್ನೂ ಬಿಚ್ಚಲು ಸಾಧ್ಯವೇ? ಇಲ್ಲಿ ನೆರವಿಗೆ ಬರುವುದು 1895ರಲ್ಲಿ ರಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ.

ಆಸ್ಪತ್ರೆಯ ಕ್ಷ-ಕಿರಣಗಳು ಇಲ್ಲಿ ಸಾಲವು. ಸುಮಾರು 1,00,000 ವೋಲ್ಟುಗಳಲ್ಲಿ ಹುಟ್ಟುವ ಅವನ್ನು ಒಂದೆರಡು ಸೆಂ.ಮೀ. ಉಕ್ಕು ಬಹುಮಟ್ಟಿಗೆ ತಡೆದುಬಿಡುತ್ತದೆ. ಆದುದರಿಂದ ಎಲೆಕ್ಟ್ರಾನುಗಳನ್ನು ರೇಖೀಯ ವೇಗೋತ್ಕರ್ಷಕದಲ್ಲಿ 60 ಲಕ್ಷ ಎಲೆಕ್ಟ್ರಾನ್-ವೋಲ್ಟುಗಳ ಶಕ್ತಿಗೇರಿಸಿ, ಟಂಗ್‌ಸ್ಟನ್ ಲೋಹಕ್ಕೆ ಅಪ್ಪಳಿಸುತ್ತಾರೆ. ಆಗ ಹೊಮ್ಮುವ ಕಿರಣಗಳ ತೀವ್ರತೆಯು ಪ್ರತಿ 3 ಸೆಂ.ಮೀ. ಉಕ್ಕಿಗೆ ಸುಮಾರು ಅರ್ಧದಷ್ಟಾಗುತ್ತದೆ. 30 ಸೆಂ.ಮೀ. ದಾಟುವಾಗ ಹತ್ತು ಸಲ ಅರ್ಧವಾಗಿ, ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಆಚೆಯಲ್ಲಿ ಸಾಲಾಗಿ ನಿಂತ ಸಂವೇದಕಗಳಿಗೆ ಅಷ್ಟೇ ಸಾಕು.

ನೆರಳು ಆಕಾರವನ್ನು ತೋರಿತು. ವಸ್ತು ಯಾವುದೆಂದು ಅರಿಯುವುದೆಂತು? ದಪ್ಪ ಮರವೂ ತೆಳು ಉಕ್ಕೂ ಒಂದೇ ನೆರಳನ್ನು ಕೊಡಬಹುದು. ಇದಕ್ಕಾಗಿ ಎರಡು ಬೇರೆ ಶಕ್ತಿಗಳ ಕಿರಣಗಳನ್ನು ಹಾಯಿಸುತ್ತಾರೆ. ಶಕ್ತಿ ಏರಿದಂತೆ ಕಿರಣವು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಿ ಮಾರ್ಪಡುವುದು ಭಾರಧಾತುಗಳಲ್ಲಿ ಹೆಚ್ಚು, ಹಗುರ ಧಾತುಗಳಲ್ಲಿ ಕಡಿಮೆ. ಎರಡು ನೆರಳುಗಳನ್ನು ಹೋಲಿಸಿದರೆ ಯಂತ್ರದೊಳಗೆ ಅಡಗಿಸಿದ ಮಾದಕವಸ್ತುವು ಉಕ್ಕಿನಿಂದ ಬೇರೆಯಾಗಿ ಕಾಣುವುದು.

ಪೆಟ್ಟಿಗೆಯಲ್ಲಿ ಮನುಷ್ಯರೇ ಇದ್ದರೆ? 2000ದ ಜೂನಿನಲ್ಲಿ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ, ಟೊಮೇಟೊ ಹೊತ್ತ ಲಾರಿಯೊಳಗೆ ಗಾಳಿಯಿಲ್ಲದೆ ಮಡಿದ 58 ಚೀನೀ ವಲಸೆಗಾರರು ಪತ್ತೆಯಾದರು. ಅಂತಹವರನ್ನು ಸಕಾಲದಲ್ಲಿ ತೆಗೆದ ಒಂದು ನೆರಳು ಉಳಿಸಬಲ್ಲುದು. ಆದುದರಿಂದಲೇ ಅಡಗಿದವನಿಗೂ ಅಪಾಯವಾಗದಂತೆ ಕಿರಣದ ಪ್ರಮಾಣವನ್ನು ಕನಿಷ್ಠಕ್ಕೆ ಇಳಿಸುವುದು ಭೌತವಿಜ್ಞಾನದ ಹೊಣೆ.