ಡಾ. ಕೋಲ್ಮನ್ ಮತ್ತು ಮೈಸೂರಿನ ಕೃಷಿವಿದ್ಯೆ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿಗೆ ನೆಲೆ ದೊರೆತದ್ದು 1899ರಲ್ಲಿ. ಆ ವರ್ಷ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿಪ್ರಯೋಗಕ್ಕಾಗಿ ನೀಡಿದರು. ಆ ಪ್ರಯತ್ನವನ್ನು ಬೆಳೆಸಿದವರಲ್ಲಿ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ನರು (1878–1954) ಪ್ರಮುಖರು. ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ಹುಟ್ಟಿ, ಟೊರಾಂಟೊದಲ್ಲಿಯೂ ಜರ್ಮನಿಯ ಗಾಟಿಂಗೆನ್ನಿನಲ್ಲಿಯೂ ವ್ಯಾಸಂಗ ಮಾಡಿದ ಇವರು, 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರಿಗೆ ಬಂದರು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು.

ಅವರ ಕಾರ್ಯದ ಸ್ವರೂಪವನ್ನು ಅಡಕೆಯ ಕೊಳೆರೋಗದ ಪ್ರಕರಣದಿಂದ ಚೆನ್ನಾಗಿ ಅರಿಯಬಹುದು. ಮಲೆನಾಡಿನ ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದುವು. ಒಂದು ವರ್ಷದ ಫಸಲೇ ತೋಟಿಗರ ಕಣ್ಣೆದುರಿಗೆ ನಾಶವಾಗುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುವುದು ಅವರು ಕಂಡುಕೊಂಡಿದ್ದ ಉಪಾಯ. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಈ ರೋಗಕ್ಕೆ ಕಾರಣವೆಂದು ಕೋಲ್ಮನ್ನರು 1910ರಲ್ಲಿ ಪ್ರಕಟಿಸಿದರು. ಈ ಜೀವಿಯ ಬೀಜಕಣಗಳು ನೀರಿನಲ್ಲಿ ಈಜಿ ಕಾಯನ್ನು ಸೇರುತ್ತವೆ. ಆದ್ದರಿಂದ ಕೊಟ್ಟೆ ಕಟ್ಟುವ ರೂಢಿಯಲ್ಲಿ ಯುಕ್ತಿಯಿದ್ದುದು ಸ್ಪಷ್ಟ. ಆದರೆ ಕೋಲ್ಮನ್ನರು ಸೂಚಿಸಿದ ಮದ್ದು ಬೋರ್ಡೊ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣಗಳನ್ನು ನೀರಿನಲ್ಲಿ ಬೆರೆಸಿದ ಮಿಶ್ರಣ. ಕಾಯಿಯ ಮೇಲೆ ಉಳಿಯುವ ತಾಮ್ರದ ತೆಳುಪದರವು ಬೀಜಕಣಗಳನ್ನು ಒಳಹೊಗುವ ಮೊದಲೇ ಕೊಲ್ಲುತ್ತದೆ. ಒಳಹೊಕ್ಕ ರೋಗವನ್ನು ಅದು ಗುಣಪಡಿಸಲಾರದು. ಹೀಗಾಗಿ ಮಳೆ ಹಿಡಿಯುವ ಮುನ್ನವೇ ಮರವೇರಿ ಗೊನೆಗೊನೆಗೂ ಸಿಂಪಡಿಸಬೇಕು. ರೋಗವೇ ಕಾಣದಿರುವಾಗ ಹಣವನ್ನೂ ಶ್ರಮವನ್ನೂ ವ್ಯಯಮಾಡಬೇಕೆಂಬುದನ್ನು ತೋಟಿಗರಿಗೆ ಮನಗಾಣಿಸುವುದು ಸಂಶೋಧನೆಗಿಂತ ಸುಲಭವಾದ ಕೆಲಸವಲ್ಲ.

ಇಲ್ಲಿಯೇ ಶಿಕ್ಷಣದ ಅಗತ್ಯವು ವ್ಯಕ್ತವಾಗುತ್ತದೆ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ಪ್ರಯೋಗಶಾಲೆ, ಹೊಲ, ತರಗತಿಗಳು ಒಂದೆಡೆ ಕೂಡಿದುವು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಕೇಂದ್ರವು ತಲೆಯೆತ್ತಿತು. ಜೋಳವನ್ನು ತಿನ್ನುವ ದಖ್ಖಣದ ಮಿಡತೆಯ ಕುಲಕ್ಕೆ ‘ಕೋಲ್ಮೇನಿಯ’ ಎಂಬ ಹೆಸರಿರುವುದು ಅವರ ಕೀಟಸಂಶೋಧನೆಗೆ ಸಂದ ಗೌರವ.

ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅದೇ ಬುನಾದಿ. ಮಲೆನಾಡಿನ ತೋಟಗಳಲ್ಲಿ ಬೋರ್ಡೊ ಸಿಂಪಡಣೆ ಇಂದಿಗೂ ನಡೆದಿದೆ. ಸಂಸ್ಥಾನದ ಚರಿತ್ರೆಯನ್ನು ಅರಮನೆ ಮತ್ತು ದಿವಾನರ ಕಚೇರಿಗಳ ದಾಖಲೆಗಳಿಂದಷ್ಟೇ ಬರೆಯಹೊರಟರೆ ಈ ಪರಂಪರೆಯು ನಮ್ಮ ಕಣ್ಣಿಗೆ ಬೀಳದು. ಇಲಾಖೆಯ ವರದಿಗಳನ್ನೂ ತೋಟಿಗರ ರೂಢಿಗಳನ್ನೂ ಜೊತೆಯಲ್ಲಿಟ್ಟು ಓದಿದಾಗಲೇ ಅದು ಗೋಚರವಾಗುತ್ತದೆಂದು ನಾವು ಭಾವಿಸುತ್ತೇವೆ.